ಕಾಲೆತ್ತದೆ ನಡೆಯುವ ವಿದ್ಯೆ

ಮೊನ್ನೆ ಮಧ್ಯಾಹ್ನ ಖಾಲಿದಿಯಾ ಬಡಾವಣೆಯ ನಮ್ಮ ಮನೆಯಿಂದ ಹಿಂದಿನ ಬೀದಿಯ ಗ್ರೋಸರಿಗೆ ಕೊತ್ತಂಬರಿ ಸೊಪ್ಪು ತರಲು ಹೊರಟಿದ್ದೆ. ಅಬುಧಾಬಿಯ ಆಗಸ್ಟ್ ತಿಂಗಳು. ಹೊರಗೆ ಕಾಲಿಟ್ಟರೆ ಒದ್ದೆ ಕಂಬಳಿಯನ್ನು ಕಾಯಿಸಿ ಯಾರೋ ಮುಖಕ್ಕೆ ಒತ್ತಿದಂತೆ. ಯಾವುದೋ ಮಹಡಿಯ ಎಸಿಯಿಂದ ನೀರು ತೊಟ್ಟಿಕ್ಕಿ ಫುಟ್‌ಪಾತಿನ ಹಾಸುಕಲ್ಲಿನ ಮೇಲೆ ಒಂದು ತಟ್ಟೆಯಗಲ ಹೊಳೆಯುತ್ತಿತ್ತು. ಅಷ್ಟೇ. ಅದನ್ನು ಕಂಡದ್ದೇ ತಡ, ನನ್ನ ಕಾಲುಗಳು ನನ್ನ ಅಪ್ಪಣೆಗೆ ಕಾಯದೆ ತಮ್ಮ ಹಳೆಯ ಕಸುಬಿಗೆ ಇಳಿದವು. ಮೊಣಕಾಲು ತುಸು ಬಾಗಿತು. ಪಾದಗಳು ಹೊರಕ್ಕೆ ತಿರುಗಿದವು. ಕೈಗಳೆರಡೂ ಹಾರಲು ಮನಸ್ಸಿಲ್ಲದ ಹಕ್ಕಿಯ ರೆಕ್ಕೆಗಳಂತೆ ಪಕ್ಕಕ್ಕೆ ಚಾಚಿಕೊಂಡವು. ಹೀಗೆ ನಾನು ಗೇಣುಗೇಣಾಗಿ ಮುಂದುವರಿಯುತ್ತಿರಲು, ಒಬ್ಬ ತರುಣ ಬಂದು ನನ್ನ ಮೊಣಕೈ ಹಿಡಿದು, "ಸ್ಲೋಲಿ ಅಂಕಲ್, ಸ್ಲೋಲಿ" ಎನ್ನುತ್ತ ರಸ್ತೆ ದಾಟಿಸಿ, ಗ್ರೋಸರಿಯ ಬಾಗಿಲನ್ನೂ ತೆಗೆದುಕೊಟ್ಟು ಹೋದ.

ನನಗಿನ್ನೂ ಐವತ್ತೈದು. ಕಾಲುಗಳಲ್ಲಿ ಯಾವ ದೋಷವೂ ಇಲ್ಲವೆಂದು ಬಲ್ಲವರು ಹೇಳಿದ್ದಾರೆ. 'ತಮ್ಮಾ, ಇದು ಮುದಿತನವಲ್ಲ, ಮಂಜುಗಡ್ಡೆಯ ಮೇಲೆ ನಡೆಯುವ ಕ್ರಮ' ಎಂದು ಆ ತರುಣನಿಗೆ ತಿಳಿಸಿ ಹೇಳಬಹುದಿತ್ತು. ಆದರೆ ಆ ಬಿಸಿಲಿನಲ್ಲಿ ಹಾಗೆ ಹೇಳಿದ್ದರೆ ಅವನು ನನ್ನನ್ನು ಗ್ರೋಸರಿಯಲ್ಲಿ ಬಿಡದೆ ನೇರವಾಗಿ ಆಸ್ಪತ್ರೆಗೇ ಒಯ್ಯುತ್ತಿದ್ದ. ಸುಮ್ಮನೆ ಥ್ಯಾಂಕ್ಸ್ ಹೇಳಿದೆ. ಮನೆಗೆ ಬಂದರೆ, ನನ್ನ ಹೆಂಡತಿ ಜಯ ಇಡೀ ದೃಶ್ಯವನ್ನು ಕಿಟಕಿಯಿಂದ ನೋಡಿ ಆಗಿತ್ತು.

"ಇನ್ನೂ ಬಿಟ್ಟಿಲ್ವಾ ಫೆಲಿಕ್ಸ್ ಅವರ ನಡಿಗೆ?" ಎಂದಳು. ಅವಳು ಅದನ್ನು ಹಾಸ್ಯಕ್ಕೆಂದೇ ಶುರುಮಾಡಿದ್ದು. ಮುಗಿಸುವಷ್ಟರಲ್ಲಿ ಅದು ಹಾಸ್ಯವಾಗಿ ಉಳಿದಿರಲಿಲ್ಲ. ಸೊಪ್ಪನ್ನು ತೆಗೆದುಕೊಂಡು ಒಳಗೆ ಹೋದಳು.

ಈ ಮರುಭೂಮಿಯಲ್ಲಿ ಮಂಜುಗಡ್ಡೆಯ ರಸ್ತೆ ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ನಾನೂ ಕೇಳಿದ್ದೆ. ಹುಣಸೂರಿನ ಶಾಲೆಯಲ್ಲಿ ಭೂಗೋಳದ ಮೇಷ್ಟರು ಧ್ರುವಪ್ರದೇಶದ ಜನಜೀವನವನ್ನು ವಿವರಿಸುವಾಗ ಹಿಂದಿನ ಬೆಂಚಿನಲ್ಲಿ ಕುಳಿತು, ಇದೊಂದು ಪಾಠ ಬದುಕಿನಲ್ಲಿ ನನಗೆಂದೂ ಬೇಕಾಗುವುದಿಲ್ಲ ಎಂದು ಖಚಿತವಾಗಿ ತೀರ್ಮಾನಿಸಿದವನು ನಾನು. ಅಂದು ನಾವು ಕಂಡಿದ್ದ ಐಸೆಂದರೆ ಸೋಡಾ ಅಂಗಡಿಯ ಮೂಲೆಯಲ್ಲಿ ಗೋಣಿತಾಟು ಹೊದ್ದು, ಮರದ ಹೊಟ್ಟು ಮೆತ್ತಿಕೊಂಡು, ಕಾಯಿಲೆಯವರಂತೆ ಮಲಗಿರುತ್ತಿದ್ದ ಒಂದೇ ಒಂದು ಗಡ್ಡೆ. ಅಂಗಡಿಯವನು ಕಬ್ಬಿಣದ ಮೊಳೆಯಿಂದ ಅದನ್ನು ಕುಟ್ಟುವಾಗ ಸಿಡಿದ ಚೂರಿಗೆ ನಾವು ಹೊಡೆದಾಡುತ್ತಿದ್ದೆವು. ಬಾಯಿಗೆ ಹಾಕಿಕೊಂಡರೆ ಮೊದಲು ಮರದ ರುಚಿ, ಆಮೇಲೆ ಗೋಣಿಯ ರುಚಿ, ಕೊನೆಗೆ ನೀರು. ಜಾರುವ ವಿಷಯಕ್ಕೆ ಬಂದರೆ, ನಮ್ಮ ಬಚ್ಚಲ ಮನೆಯ ಪಾಚಿಯೇ ಸಾಕಿತ್ತು. ನಮ್ಮಜ್ಜಿ ಪ್ರತಿದಿನ ಎಣ್ಣೆಯೊತ್ತಿಕೊಂಡು ಅದರ ಮೇಲೆ ನಿರ್ಭಯವಾಗಿ ಓಡಾಡಿ ಕೊನೆಯವರೆಗೂ ಬೀಳದೆ, ಬಿದ್ದವರನ್ನೆಲ್ಲ ಬೈದು ಬದುಕಿದಳು. ಆಕೆಯ ರಕ್ತ ನನ್ನಲ್ಲಿ ಹರಿಯುತ್ತಿದೆಯೆಂದು ನಾನು ನಂಬಿದ್ದೆ. ಅದು ತಪ್ಪು ನಂಬಿಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಈ ದೇಶಕ್ಕೆ ಬಂದ ಮೇಲೆ, ಅಬುಧಾಬಿಗೆ ಮನೆ ಬದಲಿಸುವ ಮುಂಚೆ, ನನಗೆ ಕೆಲಸ ಸಿಕ್ಕಿದ್ದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕೋಲ್ಡ್ ಸ್ಟೋರಿನಲ್ಲಿ. ಮೀನು, ಕೋಳಿ, ಹಸಿಬಟಾಣಿ, ಪರೋಟ, ಹೀಗೆ ಗಲ್ಫಿನ ಜನ ಉಣ್ಣುವ ಸಕಲವನ್ನೂ ಕಲ್ಲಾಗಿಸಿ ಇಡುವ ಗೋದಾಮು. ನಾನು ಅಲ್ಲಿ ಅಡ್ಮಿನ್. ಎಂದರೆ ವೀಸಾ, ರಜೆ, ಟಿಕೆಟ್, ಮೆಡಿಕಲ್, ಜಗಳ, ಇವುಗಳ ಉಸ್ತುವಾರಿ. ಗೋದಾಮಿನ ಹೊಟ್ಟೆಯೊಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಹೊರಗೆ ಇಲ್ಲಿನ ಬೇಸಿಗೆ. ನಡುವೆ ಒಂದು ದೊಡ್ಡ ಬಾಗಿಲು, ಅದಕ್ಕೆ ಇಳಿಬಿಟ್ಟ ದಪ್ಪ ಪ್ಲಾಸ್ಟಿಕ್ಕಿನ ಪಟ್ಟಿಗಳು. ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಗೆ ನುಗ್ಗಿ, ಚಾವಣಿಗೆ ತಗಲಿ ಹಿಮವಾಗಿ, ನೆಲಕ್ಕೆ ಇಳಿದು ಗಾಜಾಗುತ್ತಿತ್ತು. ಹೊರಗೆ ಸೆಖೆ ಹೆಚ್ಚಿದಷ್ಟೂ ಒಳಗೆ ಐಸು ಹೆಚ್ಚು. ಹಾಗಾಗಿ ನಮ್ಮ ಚಳಿಗಾಲ ಶುರುವಾಗುತ್ತಿದ್ದದ್ದು ಜುಲೈಯಲ್ಲಿ, ತುತ್ತತುದಿ ಮುಟ್ಟುತ್ತಿದ್ದದ್ದು ಆಗಸ್ಟಿನಲ್ಲಿ. ಜನವರಿಯಲ್ಲಿ ನಮಗೆ ಸ್ವಲ್ಪ ಬಿಡುವು.

ಆ ಸಾಮ್ರಾಜ್ಯದ ಒಡೆಯರು ಫೆಲಿಕ್ಸ್. ಉಡುಪಿಯ ಕಡೆ ಶಿರ್ವದ ಕೊಂಕಣಿ ಕ್ರಿಶ್ಚಿಯನ್ನರು, ಫ್ರೀಜರಿನ ಸೂಪರ್‌ವೈಸರು. ಮೂಗಿನವರೆಗೆ ಮುಚ್ಚಿದ ನೀಲಿ ಕೋಟು, ಅದರ ಮೇಲೆ ಎರಡು ಕಣ್ಣು, ಆ ಕಣ್ಣುಗಳಲ್ಲಿ ಅಪಾರ ಆತ್ಮಗೌರವ. ವಿನಯವೆಂಬುದು ಅವರ ಸ್ವಭಾವಕ್ಕೆ ಒಗ್ಗಿರಲಿಲ್ಲ. ಗೋದಾಮಿನ ಒಳಗಿನ ಓಣಿಗಳಿಗೆಲ್ಲ ಅವರು ಮಂಗಳೂರಿನ ಬೀದಿಗಳ ಹೆಸರಿಟ್ಟಿದ್ದರು. ಕೋಳಿಯ ಸಾಲು ಬಲ್ಮಠ ರಸ್ತೆ, ಮೀನಿನ ಸಾಲು ಬಂದರು, ನಾಲ್ಕು ಓಣಿ ಸೇರುವ ಜಾಗ ಹಂಪನಕಟ್ಟೆ. ನಾನು ಮೈಸೂರಿನ ಕಡೆಯವನೆಂದು ಗೊತ್ತಾದ ಮೇಲೆ, ದೊಡ್ಡ ಮನಸ್ಸು ಮಾಡಿ, ಯಾರೂ ಹೆಚ್ಚಾಗಿ ಹೋಗದ ಹಸಿಬಟಾಣಿಯ ಓಣಿಗೆ ಸಯ್ಯಾಜಿರಾವ್ ರಸ್ತೆ ಎಂದು ನಾಮಕರಣ ಮಾಡಿದರು. ಪ್ರತಿ ರಸ್ತೆಯ ಅಂಚಿನಲ್ಲಿ ಹಳದಿ ಗೆರೆ ಎಳೆದ ಫುಟ್‌ಪಾತು. ಗೆರೆಯ ಆಚೆ ಫೋರ್ಕ್‌ಲಿಫ್ಟುಗಳು, ಈಚೆ ಪಾದಚಾರಿಗಳು, ಇಬ್ಬರಿಗೂ ಸಮಾನವಾಗಿ ಐಸು. ಬೆಳಿಗ್ಗೆ ಬಂದೊಡನೆ ಉದ್ದ ಹಿಡಿಯ ಕಬ್ಬಿಣದ ಸಲಿಕೆಯಿಂದ ಅದನ್ನು ಕೆರೆಯುವುದು, ಕೆರೆದಲ್ಲಿ ರಬ್ಬರು ಚಾಪೆ ಹಾಸುವುದು, ಮಧ್ಯಾಹ್ನಕ್ಕೆ ಚಾಪೆಯ ಮೇಲೂ ಐಸು ಕಟ್ಟುವುದು, ಪುನಃ ಕೆರೆಯುವುದು. ಉಪ್ಪು ಎರಚಿದರೆ ಕರಗುತ್ತದಂತೆ. ಆದರೆ ಉಪ್ಪು ಕಾಂಕ್ರೀಟನ್ನೂ ಗಾಡಿಯ ಕಬ್ಬಿಣವನ್ನೂ ತಿನ್ನುತ್ತದೆಂದು ಹೆಡ್ ಆಫೀಸಿನವರು ಬೇಡವೆಂದಿದ್ದರು.

ನನಗೆ ನಡೆಯಲು ಕಲಿಸಿದ್ದು ಫೆಲಿಕ್ಸರೇ. ಮೊದಲ ದಿನ ಹಂಪನಕಟ್ಟೆಯಲ್ಲಿ ನನ್ನನ್ನು ನಿಲ್ಲಿಸಿ, ಪಟ್ಟಾಭಿಷೇಕದ ಗಾಂಭೀರ್ಯದಿಂದ ಉಪದೇಶ ಮಾಡಿದರು. "ರಾಯರೆ, ನೀವು ಕಾಲು ಎತ್ತುದು ಬಿಟ್ಟುಬಿಡಿ. ಕಾಲು ಎತ್ತಿದವ ಬಿದ್ದ. ಪಾದ ಇಡೀ ನೆಲಕ್ಕೆ ತಾಗ್ಬೇಕು, ಮೂಗು ಪಾದದ ಮೇಲೆಯೇ ಬರ್ಬೇಕು. ಕೈ ಕಿಸೆಯೊಳಗೆ ಹಾಕಿದ್ರೆ ನಿಮ್ಮ ಟಿಕೆಟ್ ನೀವೇ ಮಾಡಿಕೊಂಡ ಹಾಗೆ."

ಎಷ್ಟು ದಿನ ಹೀಗೆ ಎಂದು ಕೇಳಿದೆ.

"ನೆಲ ಹೊಳೀತಾ ಉಂಟಾ? ಹೊಳೆಯುವಷ್ಟು ದಿನ," ಎಂದರು.

ಅವರ ಇಡೀ ತತ್ವಶಾಸ್ತ್ರ ಅದೇ: ಹೊಳೆಯುವುದನ್ನು ನಂಬಬಾರದು. ಆ ನಡಿಗೆಯಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಸಲವೂ ಬೀಳದೆ ನಡೆದಿದ್ದರು. ಸರಕಿನ ಕೈಗಾಡಿ ತಳ್ಳುವಾಗ ಮಾತ್ರ ಅವರು ಎಲ್ಲರಂತೆ ಉದ್ದುದ್ದ ಹೆಜ್ಜೆ ಹಾಕುತ್ತಿದ್ದರು. ಕೈಯಲ್ಲಿ ಒಂದು ಹಿಡಿ ಇದ್ದರೆ ಐಸಿಗೂ ಮರ್ಯಾದೆ ಬರುತ್ತದೆ ಎಂಬುದು ಅವರ ಸಮಜಾಯಿಷಿ. ನಾನು ಕೆಲವೇ ವರ್ಷಗಳಲ್ಲಿ ವಿದ್ಯೆ ಕಲಿತೆ. ಕಲಿತದ್ದನ್ನು ಬಿಡುವುದು ಹೇಗೆಂದು ಮಾತ್ರ ಕೇಳಿಕೊಳ್ಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಹೊಳಪಿಗೆ ಈ ದೇಶದಲ್ಲಿ ಏನು ಕಡಿಮೆ? ಮಾಲುಗಳಲ್ಲಿ ಕನ್ನಡಿಯಂಥ ನೆಲ, ಬ್ಯಾಂಕಿನಲ್ಲಿ ಅಮೃತಶಿಲೆ, ನಾವಿದ್ದ ಬಿಲ್ಡಿಂಗಿನ ಲಾಬಿಯಲ್ಲಂತೂ ವಾಚ್‌ಮನ್ ದಿನಕ್ಕೆರಡು ಸಲ ಒರೆಸುತ್ತಿದ್ದ. ಶುಕ್ರವಾರ ಸಂಜೆ ಫೆಲಿಕ್ಸ್ ದಂಪತಿಗಳೂ ನಾವೂ ಮಾಲಿಗೆ ಹೋದರೆ, ಹೆಂಗಸರಿಬ್ಬರು ಮುಂದೆ ಮಾತಾಡುತ್ತ ಸಾಗುತ್ತಿದ್ದರು. ಹಿಂದೆ ನಾವಿಬ್ಬರು ಗಂಡಸರು, ತಂಡ ತಪ್ಪಿಸಿಕೊಂಡ ಬಾತುಕೋಳಿಗಳಂತೆ.

ಅವರ ಹೆಂಡತಿ ಲಿಲ್ಲಿಬಾಯಿಯ ಬಗ್ಗೆ ಇಲ್ಲಿ ಹೇಳಲೇಬೇಕು, ಏಕೆಂದರೆ ನಡೆದದ್ದೆಲ್ಲ ಕೊನೆಗೆ ಹೋಗಿ ತಗಲಿದ್ದು ಆಕೆಗೆ. ಮದುವೆಯಾದ ಮೇಲೆ ಬಹುಕಾಲ ಆಕೆ ಶಿರ್ವದಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಇದ್ದವರು. ಗಂಡ ಎರಡು ವರ್ಷಕ್ಕೊಮ್ಮೆ ಬರುವ ನೆಂಟ. ಅತ್ತೆ ತೀರಿಕೊಂಡ ಮೇಲೆ ಫೆಲಿಕ್ಸ್ ಫ್ಯಾಮಿಲಿ ವೀಸಾ ಮಾಡಿಸಿ ಕರೆಸಿಕೊಂಡರು. ಮಕ್ಕಳಿಲ್ಲ. ಬಂದ ಆರು ತಿಂಗಳಿಗೆ ಹತ್ತಿರದ ನರ್ಸರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೂರು ವರ್ಷದ ಕೂಸುಗಳೆಲ್ಲ 'ಲಿಲ್ಲಿ ಮಿಸ್, ಲಿಲ್ಲಿ ಮಿಸ್' ಎಂದು ಸೀರೆಯ ಅಂಚು ಹಿಡಿದು ತಿರುಗುತ್ತಿದ್ದವು. ಆಕೆ ಅವಕ್ಕೆ ಕೊಂಕಣಿಯಲ್ಲಿ ಗದರುತ್ತಿದ್ದರು. ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ವ್ಯವಹಾರ ಸುಗಮವಾಗಿತ್ತು. ಆದರೆ ಆಕೆಯ ವೀಸಾ ಗಂಡನ ವೀಸಾದ ಬಾಲ. ಗಂಡನಿಗೆ ಕೆಲಸ ಇರುವವರೆಗೆ ಆಕೆಗೆ ನರ್ಸರಿ. ಅರುವತ್ತು ತುಂಬುವವರೆಗೆ ಇಲ್ಲೇ ಇರುತ್ತೇವೆಂದು ಫೆಲಿಕ್ಸ್ ಮಾತು ಕೊಟ್ಟಿದ್ದರು. ಕಾದ ವರ್ಷಗಳಿಗೆ ಅದೊಂದು ಸಣ್ಣ ಪರಿಹಾರ. ನಾನು ಹೇಳಹೊರಟಿರುವ ವರ್ಷ ಅವರಿಗೆ ಐವತ್ತೆಂಟು.

ಇನ್ನು ಆಯುಧಪೂಜೆ. ಗೋದಾಮಿನ ಲೋಡಿಂಗ್ ಜಾಗದಲ್ಲಿ ವರ್ಷಕ್ಕೊಮ್ಮೆ ನಾವು ಸದ್ದಿಲ್ಲದೆ ಫೋರ್ಕ್‌ಲಿಫ್ಟುಗಳಿಗೆ ಹೂ ಮುಡಿಸಿ ಕೈಮುಗಿಯುತ್ತಿದ್ದೆವು. ಇದರಲ್ಲಿ ನಮಗೆಲ್ಲರಿಗಿಂತ ಹೆಚ್ಚಿನ ಶ್ರದ್ಧೆ ಫೆಲಿಕ್ಸರದು. ಊರಿನಲ್ಲಿ ಅವರ ತಂದೆಯ ಜೀಪಿಗೆ ಪ್ರತಿವರ್ಷ ಪೂಜೆ ಆಗುತ್ತಿತ್ತಂತೆ. ಆ ವರ್ಷ ನಾನು ಊದುಬತ್ತಿ ಹಚ್ಚಿ ಮುಗಿಸಿಬಿಡೋಣವೆಂದರೆ ಅವರು ಒಪ್ಪಲಿಲ್ಲ. ನೆಲ ತೊಳೆಯದೆ ಎಂತ ಪೂಜೆ ಮಾರಾಯ್ರೆ ಎಂದು, ಇಗರ್ಜಿಗೆ ಹೋಗುವ ಆ ಮನುಷ್ಯ, ಜನಿವಾರದ ನನಗೆ ಶಾಸ್ತ್ರ ಹೇಳಿ, ಪೈಪು ಹಿಡಿದು ಇಡೀ ಜಾಗಕ್ಕೆ ನೀರು ಬಿಟ್ಟರು. ನೀರು ಹೋಗಲು ಒಂದು ಮೋರಿ ಇತ್ತು. ಫೋರ್ಕ್‌ಲಿಫ್ಟಿನಿಂದ ಉದುರಿದ ಚೆಂಡುಹೂವಿನ ಎಸಳುಗಳು ಅದರ ಬಾಯಿ ಮುಚ್ಚಿದ್ದನ್ನು ಯಾರೂ ನೋಡಲಿಲ್ಲ. ನಾವು ಮಂಗಳಾರತಿ ಮಾಡುತ್ತಿರುವಾಗ ನೀರು ಮೆಲ್ಲನೆ ಪ್ಲಾಸ್ಟಿಕ್ಕಿನ ಪಟ್ಟಿಗಳ ಕೆಳಗೆ ಹರಿದು, ಫ್ರೀಜರಿನ ಬಾಯಿಯಲ್ಲಿ ಹೇಳದೆ ಕೇಳದೆ ಗಾಜಾಗಿ ಮಲಗಿತು.

ದೃಷ್ಟಿ ತೆಗೆಯಲು ಬೂದುಗುಂಬಳಕಾಯಿ ತಂದಿದ್ದೆವು. ಯಾರೋ ಜಾಣರು ಅದು ಹಾಳಾಗಬಾರದೆಂದು ಹಿಂದಿನ ದಿನವೇ ಬಲ್ಮಠ ರಸ್ತೆಯಲ್ಲಿ ಕೋಳಿಗಳ ಜೊತೆಗೆ ಇಟ್ಟಿದ್ದರು. ಅದಕ್ಕೆ ಕುಂಕುಮ ಹಚ್ಚಿ, ಮೂರು ಸುತ್ತು ಸುತ್ತಿಸಿ ನೆಲಕ್ಕೆ ಎತ್ತಿ ಹಾಕಿದರೆ, ಗುಂಡುಕಲ್ಲು ಬಿದ್ದ ಸದ್ದಾಯಿತೇ ಹೊರತು ಕಾಯಿ ಒಡೆಯಲಿಲ್ಲ. ಒಂದು ಸಲ ಪುಟಿದು, ಪಟ್ಟಿಗಳನ್ನು ಸರಿಸಿಕೊಂಡು ಫ್ರೀಜರಿನ ಒಳಗೆ ಹೊರಟೇಹೋಯಿತು. ಆಗ ನನ್ನ ಕೈಯಲ್ಲಿ ಕಡಲೆಪುರಿಯ ದೊಡ್ಡ ತಟ್ಟೆ. ಒಡೆಯದ ಕುಂಬಳಕಾಯಿ ಅಪಶಕುನವೆಂಬ ಗಾಬರಿಯಲ್ಲಿ ನಾನು ಅದರ ಹಿಂದೆ ಓಡಿದೆ. ಓಡುವುದೆಂದರೆ ಕಾಲೆತ್ತುವುದು ಎಂಬ ಸಾಮಾನ್ಯ ಸಂಗತಿ ಆ ಕ್ಷಣ ಹೊಳೆಯಲಿಲ್ಲ. ಅಜ್ಜಿಯ ರಕ್ತ ನನ್ನನ್ನು ಅಲ್ಲಿಯೇ ಕೈಬಿಟ್ಟಿತು. ಮುಂದಿನ ಕ್ಷಣ ನಾನು ಹಂಪನಕಟ್ಟೆಯ ದಿಕ್ಕಿನಲ್ಲಿ ಕುಳಿತ ಭಂಗಿಯಲ್ಲಿ ಪ್ರಯಾಣ ಮಾಡುತ್ತಿದ್ದೆ. ಮೇಲಿನಿಂದ ಕಡಲೆಪುರಿ ಮೆಲ್ಲಮೆಲ್ಲನೆ ಉದುರುತ್ತಿತ್ತು. ನನ್ನ ಜೀವನದಲ್ಲಿ ನಾನು ಕಂಡ ಹಿಮಪಾತ ಅದೊಂದೇ. ಚೆನ್ನಾಗಿತ್ತು.

ಫೆಲಿಕ್ಸ್ ತಮ್ಮ ಗೇಣು ಹೆಜ್ಜೆಯಲ್ಲಿ ನನ್ನ ಬಳಿಗೆ ಬರಲು ತುಂಬ ಹೊತ್ತೇ ಹಿಡಿಯಿತು. ಬಂದು, ಬಗ್ಗಿ, ಕುಂಬಳಕಾಯಿಯನ್ನೂ ನನ್ನನ್ನೂ ನೋಡಿ, "ಎರಡೂ ಒಡೀಲಿಲ್ಲ, ದೇವರು ದೊಡ್ಡವ" ಎಂದರು.

ಒಡೆದಿರಲಿಲ್ಲ ನಿಜ, ಬಾಲದ ಮೂಳೆಗೆ ಪೆಟ್ಟಾಗಿ ಒಂದು ತಿಂಗಳು ರಬ್ಬರಿನ ಬಳೆಯ ಮೇಲೆ ಕುಳಿತು ಕೆಲಸ ಮಾಡಿದೆ. ಅಪಘಾತಗಳ ವರದಿ ಬರೆಯುವುದು ಅಡ್ಮಿನ್‌ನ ಕರ್ತವ್ಯವಾದ್ದರಿಂದ, ಆ ಬಳೆಯ ಮೇಲೆಯೇ ಕುಳಿತು 'ಸದರಿ ನೌಕರರು' ಎಂದು ನನ್ನನ್ನೇ ಕರೆದುಕೊಂಡು ವರದಿ ಬರೆದು ಕಳಿಸಿದೆ. ಹೆಡ್ ಆಫೀಸಿನಿಂದ ಒಬ್ಬ ಸೇಫ್ಟಿ ಅಧಿಕಾರಿ ಬಂದರು. ಎಳೆಯ ವಯಸ್ಸು, ಹೊಸ ಬೂಟು, ಬಹಳ ಸೌಜನ್ಯ. ಎಲ್ಲವನ್ನೂ ನೋಡಿ, ಚಹಾ ಕುಡಿದು, ಹೋದರು. ಆಮೇಲೆ ಆದೇಶ ಬಂತು: ಫ್ರೀಜರಿನಲ್ಲಿ ಕೆಲಸ ಮಾಡುವವರ ಪೈಕಿ ಐವತ್ತೈದು ದಾಟಿದವರೆಲ್ಲ ಫಿಟ್ನೆಸ್ ಪರೀಕ್ಷೆಗೆ ಹಾಜರಾಗತಕ್ಕದ್ದು. ಆ 'ಎಲ್ಲರೂ' ಎಂಬ ಮಾತಿನ ವ್ಯಾಪ್ತಿಗೆ ಇಡೀ ಗೋದಾಮಿನಲ್ಲಿ ಬರುತ್ತಿದ್ದವರು ಒಬ್ಬರೇ. ಬಿದ್ದವನು ನಾನು, ಪರೀಕ್ಷೆ ಫೆಲಿಕ್ಸರಿಗೆ. ಸರ್ಕಾರಗಳೂ ಕಂಪನಿಗಳೂ ಹೀಗೆ ಕೆಲಸ ಮಾಡುವುದನ್ನು ನಾನು ಬಹಳ ಕಂಡಿದ್ದೇನೆ. ಆದರೂ ಪ್ರತಿ ಸಲವೂ ಮೊದಲ ಸಲದಂತೆ ಆಶ್ಚರ್ಯಪಡುವ ನನ್ನ ಶಕ್ತಿ ಕುಂದಿಲ್ಲ.

ನಮಗಿದ್ದ ಭಯವೆಲ್ಲ ಸಕ್ಕರೆಯದು. ಫೆಲಿಕ್ಸರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದರು. ಲಿಲ್ಲಿಬಾಯಿ ಬೆಳಿಗ್ಗೆ ಮೆಂತೆ ನೆನೆಸಿದ ನೀರು, ಸಂಜೆ ಹಾಗಲಕಾಯಿ, ನಡುವೆ ಜಪಮಾಲೆ, ಹೀಗೆ ಮೂರು ದಿಕ್ಕಿನಿಂದ ಅದನ್ನು ಮುತ್ತಿದರು. ಅನ್ನ ಬಿಡಿಸಿದರು. ಗಂಡ ಕದ್ದು ಖರ್ಜೂರ ತಿಂದಾರೆಂದು ಜಯಳಿಗೆ ಫೋನು ಮಾಡಿ, ರಾಯರು ಸ್ವಲ್ಪ ಆಫೀಸಿನಲ್ಲಿ ಕಣ್ಣಿಡಲಿ ಎಂದು ಹೇಳಿಸಿದರು. ನಾನು ಕಣ್ಣಿಟ್ಟೆ. ಪರೀಕ್ಷೆಯ ದಿನ ಕ್ಲಿನಿಕ್ಕಿಗೆ ನಾನೂ ಜೊತೆಗೆ ಹೋದೆ. ಸಕ್ಕರೆ, ರಕ್ತದೊತ್ತಡ, ಹೃದಯ ಎಲ್ಲವೂ ಒಳ್ಳೆಯ ಮಕ್ಕಳಂತೆ ನಡೆದುಕೊಂಡವು. ಡಾಕ್ಟರಿಗೂ ಸಂತೋಷವಾಯಿತು. ಕೊನೆಯದಾಗಿ, ಸುಮ್ಮನೆ ಆ ಕಾರಿಡಾರಿನ ತುದಿಯವರೆಗೆ ನಡೆದು ವಾಪಸು ಬನ್ನಿ ಎಂದರು.

ಕಾರಿಡಾರನ್ನು ಆಗಷ್ಟೇ ಒರೆಸಿದ್ದರು. ನಡುವೆ ಹಳದಿ ಬಣ್ಣದ ಬೋರ್ಡು, ಅದರ ಮೇಲೆ ಕಾಲು ಮೇಲಾಗಿ ಬೀಳುತ್ತಿರುವ ಮನುಷ್ಯನ ಚಿತ್ರ. ನಾನು ಫೆಲಿಕ್ಸರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ನೆಲ ಹೊಳೆಯುತ್ತಿತ್ತು.

ಮೊಣಕಾಲು ಬಾಗಿತು. ಪಾದ ಹೊರಕ್ಕೆ ತಿರುಗಿತು. ಕೈಗಳು ಮೇಲೆದ್ದವು. ಡಾಕ್ಟರು ತಲೆಯೆತ್ತಿ ನೋಡಿದರು. ಇನ್ನೊಮ್ಮೆ ನಡೆಯಿರಿ ಎಂದರು. ಇನ್ನೊಮ್ಮೆಯೂ ಅದೇ. ಎಷ್ಟು ಕಾಲದಿಂದ ಹೀಗಿದೆ ಎಂದು ಮೃದುವಾಗಿ ಕೇಳಿದರು. ಇದು ಐಸಿನ ನಡಿಗೆ, ನಾನು ಬೇಕೆಂದೇ ಕಲಿತದ್ದು ಎಂದು ಫೆಲಿಕ್ಸ್ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದರು, ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರು ಕಿಟಕಿಯಾಚೆಯ ಬಿಸಿಲನ್ನೊಮ್ಮೆ ನೋಡಿದರು. ಸ್ನೇಹಿತನ ಪರವಾಗಿ ಸಾಕ್ಷಿ ಹೇಳುವುದು ನನ್ನ ಧರ್ಮವೆಂದು ನಾನೂ ಎದ್ದು, ಆ ನಡಿಗೆಯ ತತ್ವವನ್ನು ವಿವರಿಸುತ್ತ ಕಾರಿಡಾರಿನಲ್ಲಿ ನಡೆದು ತೋರಿಸಿದೆ. ಡಾಕ್ಟರು ಬಹಳ ಆಸಕ್ತಿಯಿಂದ ನೋಡಿ, ನಿಮ್ಮ ವಯಸ್ಸೆಷ್ಟು ಎಂದು ನನ್ನನ್ನು ಕೇಳಿದರು.

ಒಂದು ವಾರ ಬಿಟ್ಟು ಮತ್ತೊಮ್ಮೆ ಬರಲು ಹೇಳಿದರು. ಅದು ಅವರ ಒಳ್ಳೆಯತನ. ಆ ವಾರ ಡ್ಯೂಟಿ ಮುಗಿದ ಮೇಲೆ ದಿನವೂ ಗೋದಾಮಿನ ಹಿಂದಿನ ಪಾರ್ಕಿಂಗಿನಲ್ಲಿ ನಾನು ಫೆಲಿಕ್ಸರಿಗೆ ನಡೆಯುವುದನ್ನು ಹೇಳಿಕೊಟ್ಟೆ. ಐವತ್ತು ದಾಟಿದ ಇಬ್ಬರು ಮನುಷ್ಯರು ಲಾರಿಗಳ ನಡುವೆ ಎಡ, ಬಲ, ಎಡ, ಬಲ ಎನ್ನುತ್ತ ಕಾಲೆತ್ತುವುದನ್ನು ಅಭ್ಯಾಸ ಮಾಡುತ್ತಿದ್ದರೆ, ಪಠಾಣ್ ಡ್ರೈವರುಗಳು ಚಹಾ ಹಿಡಿದು ನಿಂತು ನೋಡುತ್ತಿದ್ದರು. ಒರಟು ಡಾಂಬರಿನ ಮೇಲೆ ಫೆಲಿಕ್ಸ್ ಮದುಮಗನಂತೆ ನಡೆಯುತ್ತಿದ್ದರು. ನಮಗೆ ಅಲ್ಲೇ ಮೋಸವಾದದ್ದು. ಡಾಂಬರು ಹೊಳೆಯುವುದಿಲ್ಲ. ಹೊಳೆಯುವ ನೆಲ ಹುಡುಕಿ ಮಾಲಿಗೆ ಹೋದೆವು. ಅಲ್ಲಿ ಎರಡು ಹೆಜ್ಜೆ ಸರಿಯಾಗಿ ಬಿದ್ದರೆ ಮೂರನೆಯದು ತಾನಾಗಿ ಗೇಣಿಗೆ ಇಳಿಯುತ್ತಿತ್ತು. "ಕಾಲು ನನ್ನದೇ, ಮಾತು ಮಾತ್ರ ಕೇಳುದಿಲ್ಲ" ಎಂದು ಅವರು ಬೆಂಚಿನ ಮೇಲೆ ಕುಳಿತುಬಿಟ್ಟರು. ಕಣ್ಣು ಮುಚ್ಚಿಕೊಂಡು ನಡೆದು ನೋಡಿ ಎಂದು ನಾನು ಸೂಚಿಸಿದೆ. ಅವರು ಕಣ್ಣು ಮುಚ್ಚಿ, ಸುಂದರವಾದ ಉದ್ದ ಹೆಜ್ಜೆಗಳಲ್ಲಿ ನಡೆದು, ಸುಗಂಧದ್ರವ್ಯ ಮಾರುವ ಹುಡುಗಿಯ ಮೇಜಿಗೆ ಢಿಕ್ಕಿ ಹೊಡೆದರು. ವಾರವಿಡೀ ನಾವು ನಕ್ಕದ್ದು ಅದೊಂದು ಸಲ.

ಲಿಲ್ಲಿಬಾಯಿಗೆ ಅವರು ಏನೂ ಹೇಳಿರಲಿಲ್ಲ. ಸಕ್ಕರೆ ಸರಿ ಇದೆ, ಖಲಾಸ್, ಇನ್ನು ಒಂದು ರುಜು ಮಾತ್ರ ಬಾಕಿ ಎಂದಿದ್ದರು. ಆಕೆ ನರ್ಸರಿಯ ಮಕ್ಕಳಿಗೆ ಕ್ರಿಸ್ಮಸ್ಸಿಗೆ ಹತ್ತಿಯಿಂದ ಹಿಮದ ಬೊಂಬೆ ಮಾಡುತ್ತಿದ್ದರು. ಅದಕ್ಕೆ ಮೂಗು ಯಾವುದರದ್ದು ಇಡುವುದು ಎಂದು, ಮಂಜಿನ ವಿಷಯದಲ್ಲಿ ತಿಳಿದವರೆಂದು, ಗಂಡನನ್ನೇ ಕೇಳಿದರಂತೆ.

ಎರಡನೆಯ ಪರೀಕ್ಷೆಯನ್ನು ವರ್ಣಿಸುವ ಆಸೆ ನನಗಿಲ್ಲ. ಮೊದಲ ನಾಲ್ಕು ಹೆಜ್ಜೆ ಅವರು ಸಿಪಾಯಿಯಂತೆ ಹಾಕಿದರು. ನಾನು ಮನಸ್ಸಿನಲ್ಲೇ ಎಡ, ಬಲ ಎನ್ನುತ್ತಿದ್ದೆ. ಆಗ ಆಚೆ ತುದಿಯಿಂದ ನೆಲ ಒರೆಸುವವನು ಬಕೆಟ್ಟು ತಳ್ಳಿಕೊಂಡು ಬಂದ. ಅವನ ಹಿಂದೆ ನೆಲ ಉದ್ದಕ್ಕೂ ಮಿನುಗುತ್ತ ಬಂತು. ಫೆಲಿಕ್ಸ್ ನಿಂತರು. ಬೆವರೊರೆಸಿಕೊಂಡರು. ಆಮೇಲೆ ನಿಧಾನವಾಗಿ ಕೈಗಳನ್ನು ಚಾಚಿದರು.

'ನಡಿಗೆ ಸಹಜವಲ್ಲ, ಜಾರುವ ಸ್ಥಳದಲ್ಲಿ ಕೆಲಸಕ್ಕೆ ಯೋಗ್ಯರಲ್ಲ' ಎಂದು ಡಾಕ್ಟರು ಬರೆದರು. ಜಾರುವ ಸ್ಥಳದಲ್ಲಿ ಜೀವಮಾನವಿಡೀ ಜಾರದಿದ್ದವರ ಬಗ್ಗೆ ಹೀಗೆ ಬರೆದದ್ದಕ್ಕೆ ನಾನು ಅವರನ್ನು ದೂರಲಾರೆ. ಅವರು ನೋಡಿದ್ದನ್ನು ಅವರು ಬರೆದರು. ಆಫೀಸಿನೊಳಗೆ ಕುರ್ಚಿಯ ಕೆಲಸ ಕೊಡಿರೆಂದು ನಾನು ಹೆಡ್ ಆಫೀಸಿಗೆ ಬರೆದೆ, ಮತ್ತೆ ಬರೆದೆ, ಹೋಗಿ ಕೈಕಟ್ಟಿ ನಿಂತೆ. ಸೂಕ್ತ ಹುದ್ದೆ ಖಾಲಿಯಿಲ್ಲ ಎಂದರು. ವೀಸಾ ರದ್ದು ಮಾಡುವ ಕಾಗದಗಳನ್ನು ತಯಾರಿಸುವುದು ಅಡ್ಮಿನ್‌ನ ಕೆಲಸ. ತಯಾರಿಸಿದೆ. ಮೊದಲು ಬಾಲವನ್ನು ರದ್ದು ಮಾಡಬೇಕು, ಆಮೇಲೆ ತಲೆಯನ್ನು. ಅದು ಕ್ರಮ.

ಅಂದು ಸಂಜೆ ಫೆಲಿಕ್ಸ್ ನನ್ನ ಮೇಜಿನೆದುರು ಕುಳಿತು, ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕಿದರು. "ಊರಿಗೆ ಹೋಗ್ಲಿಕ್ಕೆ ನನಗೆ ಅಡ್ಡಿ ಇಲ್ಲ ರಾಯರೆ. ಅವಳಿಗೆ ಹೇಗೆ ಹೇಳುದು? ಬೀಳದೆ ಇದ್ದದ್ದಕ್ಕೆ ಕೆಲಸ ಹೋಯ್ತು ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದರು. ನಾನು ಪಂಚ್ ಮಾಡಿ ಕಾಗದಗಳನ್ನು ಫೈಲಿಗೆ ಹಾಕಿದೆ. ಏನೂ ತೋಚದಾಗ ನಾನು ಪಂಚ್ ಮಾಡುತ್ತೇನೆ.

ಹೇಗೆ ಹೇಳಿದರೋ, ಹೇಳಿದರು. ಲಿಲ್ಲಿಬಾಯಿ ನಮ್ಮ ಮನೆಗೆ ಬಂದು ಜಯಳ ಹತ್ತಿರ ತಮ್ಮ ಒಗ್ಗರಣೆ ಡಬ್ಬಿ, ಕುಕ್ಕರು, ತುಳಸಿಯ ಪಕ್ಕಕ್ಕೆ ಇರಲೆಂದು ಒಂದು ಕರಿಬೇವಿನ ಕುಂಡ ಇಟ್ಟುಹೋದರು. ಅಳಲಿಲ್ಲ. ಕ್ರಿಸ್ಮಸ್ಸಿಗೆ ಇರುವುದಿಲ್ಲವಲ್ಲ, ಆ ಬೊಂಬೆಗೆ ಮೂಗು ಇಡುವುದು ಬಾಕಿ ಉಳಿಯಿತು ಎಂದರಷ್ಟೆ.

ವಿಮಾನ ಮಧ್ಯಾಹ್ನಕ್ಕೆ ಇತ್ತು. ನಾನೇ ಕಾರಿನಲ್ಲಿ ಕರೆದೊಯ್ದೆ. ಈ ದೇಶದ ವಿಮಾನ ನಿಲ್ದಾಣಗಳನ್ನು ನೀವು ನೋಡಿರಬಹುದು. ಅಲ್ಲಿ ಚಾವಣಿಯ ದೀಪಗಳನ್ನು ನೆಲದಲ್ಲಿಯೇ ಎಣಿಸಬಹುದು. ಫೆಲಿಕ್ಸ್ ಬಾಗಿಲು ದಾಟಿದರು, ನೆಲ ನೋಡಿದರು, ಕೈ ಚಾಚಿದರು. ಟ್ರಾಲಿಯನ್ನು ನಾನು ತಳ್ಳುತ್ತಿದ್ದೆ. ಅವರನ್ನು ಕಳಿಸಿಕೊಡುವ ದಿನ ಹೊರೆಯನ್ನು ಅವರಿಂದ ತಳ್ಳಿಸುವುದು ಸರಿಯಲ್ಲವೆಂದು ನಾನೇ ಹಟ ಮಾಡಿ ಕಿತ್ತುಕೊಂಡಿದ್ದೆ. ಸಾಮಾನು ಕಳಿಸಿ, ಬೋರ್ಡಿಂಗ್ ಕಾರ್ಡು ಪಡೆದು ತಿರುಗುವಷ್ಟರಲ್ಲಿ, ಯಾರೂ ಕೇಳದೆಯೇ, ನಿಲ್ದಾಣದ ಒಬ್ಬ ಹುಡುಗಿ ಗಾಲಿಕುರ್ಚಿ ತಂದು ಫೆಲಿಕ್ಸರ ಮುಂದೆ ನಿಲ್ಲಿಸಿ, ಕೂತುಕೊಳ್ಳಿ ಅಂಕಲ್ ಎಂದಳು.

ಅವರು ಕುರ್ಚಿಯನ್ನು ನೋಡಿದರು. ಆತ್ಮಗೌರವದ ಆ ಎರಡು ಕಣ್ಣುಗಳಲ್ಲಿ ಅಂಥ ಸೋಲನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೇಡ ಎನ್ನಲೂ ಇಲ್ಲ, ಕೂರಲೂ ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು.

ಆಗ ಲಿಲ್ಲಿಬಾಯಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ತಾವೇ ಆ ಕುರ್ಚಿಯಲ್ಲಿ ಕುಳಿತುಬಿಟ್ಟರು. "ನಿಮಗೆ ಬೇಡದಿದ್ರೆ ನನಗೆ ಇರ್ಲಿ. ನನ್ನ ಕಾಲಿಗೆ ಇನ್ನು ಶಕ್ತಿ ಇಲ್ಲ. ತಳ್ಳಿ," ಎಂದರು.

ಫೆಲಿಕ್ಸ್ ಹಿಂದೆ ಹೋಗಿ ಹಿಡಿಗಳನ್ನು ಹಿಡಿದರು. ಬೆನ್ನು ನೆಟ್ಟಗಾಯಿತು. ಕಾಲೆತ್ತಿದರು, ಇಟ್ಟರು, ಮತ್ತೆ ಎತ್ತಿದರು. ಆ ಕನ್ನಡಿಯಂಥ ನೆಲದ ಮೇಲೆ, ಹೆಂಡತಿಯನ್ನು ತಳ್ಳಿಕೊಂಡು, ಉದ್ದುದ್ದ ಹೆಜ್ಜೆ ಹಾಕುತ್ತ, ಜಗತ್ತಿನ ಯಾವ ಡಾಕ್ಟರಾದರೂ ಮೆಚ್ಚುವ ಹಾಗೆ ನಡೆದುಹೋದರು. ನಾನು ನೋಡುತ್ತ ನಿಂತೆ. ಅಂದು ಡಾಕ್ಟರ ಕಾರಿಡಾರಿನಲ್ಲಿ ಯಾರಾದರೂ ಅವರ ಕೈಗೆ ತಳ್ಳಲು ಏನಾದರೂ ಕೊಟ್ಟಿದ್ದರೆ ಸಾಕಿತ್ತು. ನೆಲ ಒರೆಸುವವನ ಬಕೆಟ್ಟಾದರೂ ಆಗುತ್ತಿತ್ತು. ಅದು ನಮ್ಮ ಪಕ್ಕದಲ್ಲೇ ಹಾದುಹೋಗಿತ್ತು.

ತಿರುವಿನಲ್ಲಿ ಅವರು ಕೈಬೀಸಲು ತಿರುಗಲಿಲ್ಲ. ಬೀಸಬೇಕಾದರೆ ಒಂದು ಹಿಡಿ ಬಿಡಬೇಕಾಗಿತ್ತು.

ನಾನು ಖಾಲಿ ಟ್ರಾಲಿಯನ್ನು ಅದರ ಜಾಗದಲ್ಲಿ ಬಿಟ್ಟು ಹೊರಟೆ. ಬಾಗಿಲು ಇನ್ನೂ ದೂರ ಇತ್ತು. ನೆಲ ಹೊಳೆಯುತ್ತಿತ್ತು. ಅರ್ಧ ದಾರಿಗೆ ಬಂದಾಗ ಅದೇ ಹುಡುಗಿ ಇನ್ನೊಂದು ಕುರ್ಚಿಯೊಂದಿಗೆ ನನ್ನ ಕಡೆಗೆ ಬರುತ್ತಿರುವುದು ಕಾಣಿಸಿತು.